ಎಂಟರಿಂದ ಭಾಗಿಸಬೇಕಿತ್ತು

ನಿಮಗೆ ನಾನು ಬೇಕೆಂದೇ ತಪ್ಪು ಹೇಳಿಕೊಟ್ಟೆ. ಮರೆತಿರಲಿಲ್ಲ, ಬಾಯಿ ತಪ್ಪಿರಲಿಲ್ಲ — ಗೊತ್ತಿದ್ದೇ ಹೇಳಿದೆ. ಇಲಾಖೆಯ ಪರೀಕ್ಷೆಯಲ್ಲಿ ನೀವು ಫೇಲಾದದ್ದು ನಿಮ್ಮ ತಲೆಯಿಂದಲ್ಲ, ನನ್ನ ಬಾಯಿಂದ. ಇಪ್ಪತ್ತೈದು ವರ್ಷದ ಮೇಲಾಯಿತು. ಇವತ್ತು ಬರೆದು ಕೊಡುತ್ತಿದ್ದೇನೆ.

ಆಗ ನೀವು ರಾಣೆಬೆನ್ನೂರಿನಲ್ಲಿ ಟೆಲಿಫೋನ್ ಲೈನ್‌ಮನ್, ಮೇಡ್ಲೇರಿ ದಾರಿಯ ಕಂಬಗಳನ್ನೆಲ್ಲ ಹತ್ತಿ ಇಳಿದವರು. ತೊಂಬತ್ತರ ದಶಕದ ಕೊನೆಗೆ ತಂತಿಯಲ್ಲಿ ಮಾತಷ್ಟೇ ಅಲ್ಲ, ಕಂಪ್ಯೂಟರಿನ ಅಕ್ಷರಗಳೂ ಓಡತೊಡಗಿದವು. ಬಡ್ತಿ ಬೇಕಾದವರು ಅದರ ವೇಗದ ಲೆಕ್ಕ ಕಲಿಯಬೇಕಿತ್ತು. ಚಿಕ್ಕಂದಿನಲ್ಲಿ ಮದರಸಾದಲ್ಲಿ ಉಸ್ತಾದರ ಬಾಯಿಂದ ಕೇಳಿ ಕೇಳಿ ಕಂಠಪಾಠ ಮಾಡಿದವರು ನೀವು. ಯಾವ ಪಾಠವೂ ನಿಮಗೆ ಕಣ್ಣಿಗಿಂತ ಕಿವಿಯಿಂದಲೇ ಬೇಗ ಹತ್ತುತ್ತಿತ್ತು. ಹಾಗಾಗಿ ನಸುಕಿನ ಫಜರ್ ನಮಾಜು ಮುಗಿದ ಮೇಲೆ ನಾನು ನೋಟ್ಸ್ ಓದುವುದು, ನೀವು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳಿ ಒಪ್ಪಿಸುವುದು. ಮನೆಮಾತು ಉರ್ದುವಾದರೂ ಗಂಡ ಹೆಂಡತಿ ಇಬ್ಬರೂ ಕನ್ನಡ ಶಾಲೆಯವರು — ಪಾಠಕ್ಕೆ ಕೂತರೆ ಕನ್ನಡಕ್ಕೇ ಹೊರಳುತ್ತಿದ್ದೆವು.

"ಅಕ್ಕೋರ, ಇವತ್ತಿನ ಪಾಠ ಯಾವದ್ರಿ?" ಅಂತ ನನ್ನನ್ನು ಶಾಲೆಯ ಟೀಚರ್ ಮಾಡಿ ನಿಮ್ಮ ಚೇಷ್ಟೆ.

"ಮೊದಲ ಕೈಕಟ್ಟಿ ಕುಂದ್ರಿ," ಅನ್ನುತ್ತಿದ್ದೆ.

ನಮಾಜಾದ ಮೇಲೆ ಬೆರಳ ಗೆಣ್ಣುಗಳಲ್ಲಿ ಅಲ್ಲಾಹನ ಸಣ್ಣಪುಟ್ಟ ಕರುಣೆಗಳನ್ನು ಎಣಿಸುವುದು ನನ್ನ ರೂಢಿ. ನಲ್ಲಿಗೆ ನೀರು ಬಂತು, ಹಾಲು ಒಡೆಯಲಿಲ್ಲ, ನೀವು ಕಂಬದಿಂದ ಕ್ಷೇಮವಾಗಿ ಇಳಿದಿರಿ. ಆ ಬೆಳಗಿನ ಪಾಠವನ್ನೂ ಒಂದು ಗೆಣ್ಣಿಗೆ ಎಣಿಸುತ್ತಿದ್ದೆ.

ಕೊನೆಯ ಅಧ್ಯಾಯವೊಂದು ಉಳಿದಿತ್ತು. ಆ ವಾರ ನಿಮ್ಮ ಅಣ್ಣ ಮನೆಗೆ ಬಂದರು. ನಾನು ಒಳಗೆ ಚಹಾ ಸೋಸುತ್ತಿದ್ದೆ.

"ಪಾಸಾದ್ರ ದೂರ ಹಾಕ್ತಾರ, ಬೀದರ ಕಡೆ," ಅಂದಿರಿ ನೀವು. "ಶಾಹೀನಂದು ಕಾಲೇಜ್ ಬಿಡಿಸಿ, ಮೋಟೆಬೆನ್ನೂರಿನ ಸಂಬಂಧಕ್ಕ ಹೂಂ ಅಂದುಬಿಡ್ತೇನಿ. ಹುಡುಗಂದು ಅಂಗಡಿ ಐತಿ."

ನಮ್ಮ ಒಬ್ಬಳೇ ಮಗಳು ಶಾಹೀನ್. ಪಿಯುಸಿ ಮೊದಲ ವರ್ಷ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಗಣಿತದ ಪುಸ್ತಕ. ಅಣ್ಣ ಹೋದ ಮೇಲೆ ಕೇಳಿದೆ, "ಅಕಿ ಓದ್ಲಿ ಬಿಡ್ರಿ."

"ಎಷ್ಟ್ ಓದಿದ್ರೂ ರೊಟ್ಟಿ ಬಡಿಯೋದು ತಪ್ಪತೈತೇನ?" ಅಂತ ನಕ್ಕಿರಿ. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಕ್ಕವರ ಜೊತೆ ಏನು —

ಮರುದಿನ ಕೊನೆಯ ಅಧ್ಯಾಯ ತೆಗೆದೆ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ಸೆಕೆಂಡಿಗೆ ಅರವತ್ನಾಲ್ಕು ಕಿಲೋಬಿಟ್ ಓಡಿದರೆ ಎಷ್ಟು ಕಿಲೋಬೈಟ್? ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳು. ಕಿಲೋಗಳನ್ನು ಚೀಲ ಮಾಡಲು ಭಾಗಿಸಬೇಕು, ಚೀಲಗಳನ್ನು ಕಿಲೋ ಮಾಡಲು ಗುಣಿಸಬೇಕು ಅಂತ ಲಂಗ ತೊಡುವ ವಯಸ್ಸಿಗೇ ಗೊತ್ತು. ಉತ್ತರ ಎಂಟು. ನೋಟ್ಸಿನಲ್ಲೂ ಹಾಗೇ ಇತ್ತು. ನಾನು ಓದಿದ್ದು —

"ಬಿಟ್‌ನಿಂದ ಬೈಟ್‌ಗೆ ಎಂಟರಿಂದ ಗುಣಿಸಬೇಕು."

ಒಂದು ಕಣ್ಣು ತೆರೆದಿರಿ. "ಗುಣಿಸಬೇಕು? ಖರೇನ?"

"ಖರೇ ರಿ. ಬರದೈತಲ್ಲ."

ಕಣ್ಣು ಮುಚ್ಚಿದಿರಿ. ಆಮೇಲೆ ಬಾಡ್ — ತಂತಿಯ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವ ಎಣಿಕೆ. ಒಂದೊಂದು ಬದಲಾವಣೆ ನಾಲ್ಕು ಬಿಟ್ ಹೊತ್ತರೆ, ಬಿಟ್‌ಗಳ ವೇಗ ಸಿಗಲು ಬಾಡನ್ನು ನಾಲ್ಕರಿಂದ ಗುಣಿಸಬೇಕು. ಅಲ್ಲಿ ಭಾಗಿಸಿ ಅಂದೆ. ಹತ್ತು ದಿನ ಒಪ್ಪಿಸಿಕೊಂಡೆ. ನಾನು ಹೇಳಿದ ತಪ್ಪನ್ನು ನೀವು ಒಂದಕ್ಷರ ತಪ್ಪದೆ ಒಪ್ಪಿಸಿದಿರಿ. ಭೇಷ್ ಅಂದೆ.

ಫಲಿತಾಂಶ ಬಂದ ದಿನ ಸೈಕಲ್ ಒರಗಿಸಿ ಹೇಳಿದಿರಿ, "ಆ ಲೆಕ್ಕದಾಗ ಹೋತು. ನೀ ಓದಿದ್ದನ್ನ ನಾನ ತಿರುವುಮುರುವು ಮಾಡೇನಿ. ಈ ತಲಿ ಕಂಬ ಹತ್ತಾಕಷ್ಟ ಲಾಯಕ್."

ನನ್ನ ಮೇಲೆ ಅನುಮಾನವೇ ಬರಲಿಲ್ಲ. ನೋಟ್ಸನ್ನು ತೆರೆದೂ ನೋಡದೆ ಟ್ರಂಕಿಗೆ ಹಾಕಿದಿರಿ, ಮತ್ತೆಂದೂ ಪರೀಕ್ಷೆಗೆ ಕೂರಲಿಲ್ಲ. ವರ್ಗವಿಲ್ಲ, ಹಾಗಾಗಿ ಮದುವೆಯ ಅವಸರವೂ ಇಲ್ಲ. ಶಾಹೀನ್ ಪಿಯುಸಿ ಮುಗಿಸಿದಳು, ಡಿಗ್ರಿ ಮುಗಿಸಿದಳು. ಇವತ್ತು ಹಾವೇರಿಯಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಮದುವೆಯನ್ನೂ ತನಗೆ ಬೇಕಾದಾಗ ಆದಳು. ಅದಕ್ಕೆ ನಾನು ಪಶ್ಚಾತ್ತಾಪಪಟ್ಟು ತೌಬಾ ಮಾಡುವುದಿಲ್ಲ. ಕಯಾಮತ್ ದಿನ ಅಲ್ಲಾಹನೇ ಲೆಕ್ಕ ಕೇಳಿದರೂ ತಲೆಯೆತ್ತಿಯೇ ಹೇಳುತ್ತೇನೆ — ಹೌದು, ನಾನೇ. ಆ ಬೆಳಗು ಮತ್ತೆ ಬಂದರೆ ಮತ್ತೂ ಗುಣಿಸಿ ಅಂತಲೇ ಓದುತ್ತೇನೆ.

ಆದರೆ ಹೋದ ವಾರ ಶಾಹೀನಳ ಮಗಳು ಮೊಬೈಲ್ ಹಿಡಿದು ಅಜ್ಜನಾದ ನಿಮ್ಮ ಹತ್ತಿರ ಬಂದಳು. "ನಾನಾ, ನೆಟ್ಟಿಗೆ ನೂರರ ಸ್ಪೀಡ್ ಅಂತಾರ, ಇಲ್ಲಿ ಹನ್ನೆರಡೂವರಿನ ತೋರ್ಸಾಕತ್ತೈತಿ. ಮೋಸ ಅಲ್ಲೇನು?"

"ನನ್ನ ಕೇಳಬ್ಯಾಡವ್ವಾ," ಅಂದಿರಿ. "ಆ ಲೆಕ್ಕದಾಗ ಫೇಲಾದಂವ ನಾನು."

ನಗುತ್ತಲೇ ಅಂದಿರಿ. ನೂರು ಬಿಟ್ಟಿನ ಲೆಕ್ಕವನ್ನು ಎಂಟರಿಂದ ಭಾಗಿಸಿದರೆ ಬೈಟಿನಲ್ಲಿ ಹನ್ನೆರಡೂವರೆಯೇ. ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ನಿಮ್ಮ ಬಡ್ತಿಯನ್ನಷ್ಟೇ ತಡೆದೆ ಅಂದುಕೊಂಡಿದ್ದೆ. ಇಷ್ಟು ವರ್ಷ ನೀವು ನಿಮ್ಮನ್ನೇ ದಡ್ಡ ಅಂದುಕೊಂಡು ಬದುಕಿದಿರಲ್ಲ — ಅದನ್ನು ಎಣಿಸಲು ನನ್ನ ಬೆರಳುಗಳಲ್ಲಿ ಗೆಣ್ಣಿಲ್ಲ. ಅದು ಪೂರಾ ನನ್ನದೇ ತಪ್ಪು.

ಟ್ರಂಕಿನಿಂದ ನೋಟ್ಸ್ ತೆಗೆದಿಟ್ಟಿದ್ದೇನೆ. ನಾಳೆ ಫಜರ್ ಆದ ಮೇಲೆ ಈ ಕಾಗದದ ಜೊತೆ ಅದನ್ನೂ ನಿಮ್ಮ ಕೈಗೇ ಕೊಡುತ್ತೇನೆ. ಈ ಸಲ ನಾನು ಓದುವುದಿಲ್ಲ. ಕಣ್ಣು ಮುಚ್ಚಬೇಡಿ, ನೀವೇ ಓದಿ.