ಹಿಡಿದ ಮೃಗಕ್ಕೆ ನಾದಿನಿ ಬರೆಸಿದ ನಿಯಮ

ನನ್ನ ನಾದಿನಿ ಇಪ್ಪತ್ತೊಂಬತ್ತು ವರ್ಷ ಪ್ರಾಣಿಗಳ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಗೂಡು ತೊಳೆಯುವುದು, ಮೇವು ಹಾಕುವುದು, ಕಚ್ಚುವ ನಾಯಿಯನ್ನು ಡಾಕ್ಟರ ಮೇಜಿಗೆ ತರುವುದು ಅವಳ ಕೆಲಸ. ಬಲ ಮುಂಗೈಯಲ್ಲಿ ನಾಲ್ಕು ಹಲ್ಲಿನ ಗುರುತಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆದರಿದ ಒಂದು ನಾಯಿಗೆ ಐದು ದಿನ ತಾನೇ ಊಟ ಹಾಕಿ, ಆರನೆಯ ದಿನ ಅವಸರಕ್ಕೆ ಬೇರೆಯವಳ ಕೈಲಿ ಹಾಕಿಸಿದಳು. ಏಳನೆಯ ದಿನ ಅದು ಕಚ್ಚಿತು. ನಾಯಿಯನ್ನು ಅವಳು ಬೈದದ್ದಿಲ್ಲ. ಅವಳಿಗೆ ಮದುವೆ ಆಗಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ.

ಭಾನುವಾರ ಮಧ್ಯಾಹ್ನ ನಮ್ಮ ಮುಂದಿನ ಕೋಣೆಯಲ್ಲಿ ಒಂದು ಆಟ ನಡೆಯುತ್ತದೆ. ಆಡಿಸುವವರು ಪಕ್ಕದ ಮನೆಯ ಪುಸ್ತಕ ಕಟ್ಟುವವರು. ಯಾರೋ ಈ ಆಟದ ನಿಯಮದ ಪುಸ್ತಕವನ್ನು ಅವರಿಗೆ ರಟ್ಟು ಹಾಕಲು ಕೊಟ್ಟು ಮತ್ತೆ ಬರಲೇ ಇಲ್ಲ. ಅದನ್ನು ಓದಿ ಆಟ ಕಲಿತರು. ಪಗಡೆಯಂತೆ ಹಾಸಿಲ್ಲ, ಕಾಯಿಯಿಲ್ಲ. ಅವರು ಕಥೆ ಹೇಳುತ್ತಾರೆ. ಆಡುವವರಿಗೆ ಕಥೆಯೊಳಗೆ ಒಬ್ಬೊಬ್ಬ ವೀರ. ಸರದಿ ಬಂದಾಗ ತನ್ನ ವೀರ ಏನು ಮಾಡುತ್ತಾನೆಂದು ಹೇಳಿ ಎರಡು ದಾಳ ಎಸೆಯಬೇಕು. ಕೆಲಸ ಆಯಿತೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಆಡುವವರು ಮೂವರು: ನಾದಿನಿ, ನನ್ನ ಮಗಳು, ಬೀದಿ ತುದಿಯ ಕ್ಷೌರದಂಗಡಿಯವನು.

ಕಳೆದ ವರ್ಷ ಕಥೆಯ ಗುಹೆಯಲ್ಲಿ ಎತ್ತಿನ ಗಾತ್ರದ ಹಲ್ಲಿಯೊಂದು ಎದುರಾಯಿತು. ಉಳಿದಿಬ್ಬರು ಕೊಲ್ಲಲು ಹೊರಟರೆ ನಾದಿನಿ ಹಗ್ಗ ಹಾಕಿ ಹಿಡಿದಳು. ಪುಸ್ತಕದ ನಿಯಮ ಸಲೀಸಾಗಿತ್ತು: ಹಿಡಿದ ಮೃಗ ಹಿಡಿದವರದು, ಹೇಳಿದ್ದೆಲ್ಲ ಮಾಡುತ್ತದೆ, ಅದಕ್ಕೆ ಬೇರೆ ಸರದಿ. ಹೀಗಾಗಿ ನಾದಿನಿಗೆ ಪ್ರತಿ ಸುತ್ತಿನಲ್ಲೂ ಎರಡು ಸರದಿಯಾಯಿತು. ಯಾವ ಬಾಗಿಲಿದ್ದರೂ ಹಲ್ಲಿಯೇ ಒಡೆಯುವುದು. ಮಗಳು ಆಕಳಿಸತೊಡಗಿದಳು. ಕ್ಷೌರದಂಗಡಿಯವನು ದಾಳ ಕೆಳಗಿಟ್ಟ.

"ಅಕ್ಕಾ, ನಿಮ್ಮ ಹಲ್ಲಿ ಇರೋವಾಗ ನಾವ್ಯಾಕೆ? ನಾನು ಮನೇಲಿ ಗಡ್ಡ ಕೆರ್ಕೊಂಡು ಕೂತಿರ್ತೀನಿ."

"ಕೆರ್ಕೊಳ್ಳೋಕೆ ನಿಮಗೆ ಪುರುಸೊತ್ತೆಲ್ಲಿ ಮಾವ? ಬಾಯಿ ನಿಂತ್ರೆ ತಾನೆ ಕೈ ಆಡೋದು," ಎಂದಳು ಮಗಳು.

ಪುಸ್ತಕ ಕಟ್ಟುವವರು ಯೋಚಿಸಿ ಹೇಳಿದರು: "ಅವನು ಹೇಳೋದೂ ನ್ಯಾಯಾನೇ. ಮುಂದಿನ ವಾರದಿಂದ ಹಿಡಿದ ಮೃಗ ಬೇಡ. ಹಲ್ಲಿ ಕಾಡಿಗೆ ಹೋಯ್ತು ಅಂತ ಕಥೇಲಿ ಹೇಳ್ಬಿಡ್ತೀನಿ."

ಆ ವಾರ ನಾದಿನಿ ಎರಡು ಸಲ ಹಾಲು ಉಕ್ಕಿಸಿದಳು. ಶನಿವಾರ ಸಂಜೆ ನನ್ನ ಹತ್ತಿರ ಬಂದು, "ಅತ್ತಿಗೆ, ಹಗ್ಗ ಹಾಕಿದ ದಿನಾನೇ ಮಾತು ಕೇಳೋ ಪ್ರಾಣೀನ ನಾನು ನೋಡೇ ಇಲ್ಲ. ಪುಸ್ತಕ ಬರೆದೋರು ಯಾವತ್ತೂ ಒಂದು ಕರೂನೂ ಸಾಕಿಲ್ಲ," ಎಂದು ನನ್ನ ಅಂಗಿಗುಂಡಿಗಳ ಡಬ್ಬಿ ಕೇಳಿದಳು.

ಭಾನುವಾರ ಮೇಜಿನ ಮೇಲೆ ಡಬ್ಬಿಯನ್ನೂ ಒಂದು ಖಾಲಿ ಬಟ್ಟಲನ್ನೂ ಇಟ್ಟು ಅವಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಿಡಿದ ದಿನ ಬಟ್ಟಲು ಖಾಲಿ. ನನ್ನ ಸರದಿ ಬಿಟ್ಟುಕೊಟ್ಟು ಮೇವು ಹಾಕಿದ್ರೆ ಒಂದು ಗುಂಡಿ. ನಾನೇ ಹಾಕ್ಬೇಕು. ಆ ಸುತ್ತು ಮುಗಿಯೋ ತನಕ ಬಾಯಿ ಬಿಡ್ಬಾರ್ದು. ಹೊಸ ಪ್ರಾಣಿ ಹತ್ರ ನಾವು ಹಂಗೇ ಕೂರ್ತಿದ್ವಿ, ಬೆನ್ನು ಹಾಕ್ಕೊಂಡು, ಸುಮ್ನೆ. ಕೆಲಸ ಹೇಳಿದಾಗ ದಾಳ ಎಸೀಬೇಕು. ಇರೋ ಗುಂಡಿಗಿಂತ ಹೆಚ್ಚು ಬಿದ್ರೆ ಅದು ಕದಲಲ್ಲ. ಹೆದರೋ ಕೆಲಸ ಹೇಳಿದ್ರೆ ಮೊದ್ಲು ಮೂರು ಗುಂಡಿ ಹೋಗ್ಬೇಕು, ಆಮೇಲೆ ದಾಳ. ಅದು ಕೆಲಸ ಮಾಡೋ ಸುತ್ತಲ್ಲಿ ನಂಗೆ ಸರದಿ ಇಲ್ಲ."

"ಇದು ಆಟಾನೋ ಸಂಸಾರಾನೋ?" ಎಂದ ಕ್ಷೌರದಂಗಡಿಯವನು.

"ಎಂಟು ವಾರ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಹಲ್ಲಿ ಕಾಡಿಗೆ," ಎಂದರು ಪುಸ್ತಕ ಕಟ್ಟುವವರು.

ಎಂಟನೆಯ ವಾರದ ಹೊತ್ತಿಗೆ ನಾದಿನಿಯ ಬಟ್ಟಲಲ್ಲಿ ಒಂಬತ್ತು ಗುಂಡಿಗಳಿದ್ದವು. ನಡುವೆ ಕ್ಷೌರದಂಗಡಿಯವನೂ ಆಸೆಬಿದ್ದು ಕುದುರೆ ಗಾತ್ರದ ಗೂಬೆಯೊಂದನ್ನು ಹಿಡಿದಿದ್ದ. ಮೇವು ಹಾಕಿ ಅರ್ಧ ಸುತ್ತು ತುಟಿ ಬಿಗಿದು ಕೂರುವನು. ಅಷ್ಟರಲ್ಲಿ, "ಫ್ಯಾನ್ ಸ್ವಲ್ಪ ಜೋರು ಮಾಡಿ," ಎನ್ನುವನು. ಗುಂಡಿ ಹೋಗುವುದು.

"ಗೂಬೆಗೂ ತಲೆನೋವು ಬಂದಿರುತ್ತೆ ಮಾವ," ಎನ್ನುವಳು ಮಗಳು.

ಆ ಎಂಟನೆಯ ಭಾನುವಾರ ಕಥೆಯಲ್ಲಿ ಕ್ಷೌರದಂಗಡಿಯವನ ವೀರ ಉರಿಯುವ ಕಣಜದೊಳಗೆ ಸಿಕ್ಕಿಬಿದ್ದ. ಗೋಡೆ ಒಡೆಯುವ ಶಕ್ತಿ ಇದ್ದದ್ದು ಹಲ್ಲಿಗೆ. ಹಲ್ಲಿಗೆ ಬೆಂಕಿಯ ಭಯ. ನಾದಿನಿ ಮೂರು ಗುಂಡಿ ತೆಗೆದು ಡಬ್ಬಿಗೆ ಹಾಕಿದಳು. ಬಟ್ಟಲಲ್ಲಿ ಆರು ಉಳಿದವು. ಎಸೆದಳು. ಐದು, ಮೂರು. ಎಂಟು.

"ಇನ್ನೊಂದ್ಸಲ ಎಸೀರಿ ಅಕ್ಕ, ನಿಯಮ ನಿಮ್ಮದೇ ಅಲ್ವಾ," ಎಂದರು ಪುಸ್ತಕ ಕಟ್ಟುವವರು.

ಕ್ಷೌರದಂಗಡಿಯವನು ನಾದಿನಿಯ ಮುಖವನ್ನೇ ನೋಡುತ್ತಿದ್ದ. ಆ ವೀರನನ್ನು ಅವನು ಎರಡು ವರ್ಷದಿಂದ ಆಡಿಸುತ್ತಿದ್ದಾನೆ. ಹಲ್ಲಿ ಉಳಿಯಬೇಕಾದರೆ ಅವನೂ ಒಪ್ಪಬೇಕೆಂದು ನಾದಿನಿಗೆ ಗೊತ್ತಿತ್ತು.

"ಬೇಡ. ಹೆದರಿದೆ. ಹೋಗಲ್ಲ," ಎಂದಳು.

ಮುಂದಿನ ಸರದಿ ಮಗಳದು. ಆಕಳಿಕೆ ಗೀಕಳಿಕೆ ಇಲ್ಲ. ನೆಟ್ಟಗೆ ಕೂತು, ತನ್ನ ವೀರ ಮಾಡು ಹತ್ತಿ ಹೆಂಚು ತೆಗೆದು ಹಗ್ಗ ಇಳಿಬಿಡುತ್ತಾನೆಂದು ಹೇಳಿ ಎಸೆದಳು. ದಾಳ ಒಪ್ಪಿತು. ಒಂದು ಕಾಲು ಸುಟ್ಟುಕೊಂಡು ಕ್ಷೌರದಂಗಡಿಯವನ ವೀರ ಹೊರಬಂದ.

"ಹೇಳಪ್ಪಾ, ಹಲ್ಲಿ ಕಾಡಿಗೋ?" ಎಂದು ಪುಸ್ತಕ ಕಟ್ಟುವವರು ಅವನನ್ನೇ ಕೇಳಿದರು.

ಅವನು ಹಣೆ ಒರೆಸಿಕೊಂಡ. "ಬ್ಯಾಡ, ಇರ್ಲಿ. ಅದು ಹೋದ್ರೆ ನನ್ನ ಗೂಬೇನೂ ಹೋಗ್ಬೇಕಾಗುತ್ತೆ. ನಾನು ಬಾಯಿ ಕಟ್ಕೊಂಡಿದ್ದೆಲ್ಲ ದಂಡ. ಎರಡು ಗುಂಡಿ ಆಗಿದೆ."

ಪುಸ್ತಕ ಕಟ್ಟುವವರು ಹಳೆಯ ನಿಯಮದ ಮೇಲೆ ಬಿಳಿ ಕಾಗದ ಅಂಟಿಸಿ ನಾದಿನಿ ಹೇಳಿದಂತೆ ಬರೆದರು. ಮುಗಿಯಿತೆಂದು ಪೆನ್ನು ಮುಚ್ಚುವಾಗ ಅವಳು ಇನ್ನೊಂದು ಸಾಲು ಸೇರಿಸಲು ಹೇಳಿದಳು: ಮಾತು ಕೇಳಲಿಲ್ಲವೆಂದು ಹೊಡೆದರೆ ಬಟ್ಟಲಿನ ಗುಂಡಿಗಳೆಲ್ಲ ಡಬ್ಬಿಗೆ.

ಮುಂದಿನ ಸುತ್ತಿನಲ್ಲಿ ಅವಳು ಸರದಿ ಬಿಟ್ಟು ಮೇವು ಹಾಕಿ ಸುಮ್ಮನೆ ಕೂತಳು. ಬಟ್ಟಲಲ್ಲಿ ಏಳಾಯಿತು.