ಹೂಂ ಅನ್ನುವ ಕಂಪೈಲರ್

"ಕಂಪೈಲರ್ ಅಂದ್ರೆ ನಾನು ಬರೆದಿದ್ದನ್ನ ಕಂಪ್ಯೂಟರಿಗೆ ತಿಳಿಸೋ ದುಭಾಷಿ, ಅತ್ತೆ. ಕೆಲವು ಸೌಲಭ್ಯ ಅದರಲ್ಲಿ ಇರ್ಲೇಬೇಕು ಅಂತಿಲ್ಲ. ನಮ್ಮ ಗಿರಾಕಿ, ಭದ್ರಾವತಿ ಕಂಪನಿಯವರ ಕಂಪೈಲರನ್ನ 'ಇದು ಬರುತ್ತಾ' ಅಂತ ಕೇಳಿದ್ರೆ ಹೂಂ ಅನ್ನುತ್ತೆ, ಕೆಲಸಕ್ಕೆ ಹಚ್ಚಿದ್ರೆ ಮಕಾಡೆ ಮಲಗುತ್ತೆ. ಇವತ್ತು ಸರಿಹೋಗದಿದ್ರೆ ನನ್ನ ಲೈಬ್ರರಿನ, ಅಂದ್ರೆ ಅವರಿಗೆ ಬರೆದುಕೊಟ್ಟ ಕೋಡ್ ಕಂತೆನ, ಎತ್ತಿ ಎಸೀತಾರೆ."

ಹೊಸಮನೆಯ ರಂಜಿನಿಯ ಈ ಗೋಳನ್ನು ಅತ್ತೆ ಕರಿಬಸಮ್ಮ ದೋಸೆ ಹಿಟ್ಟು ಕಲಸುತ್ತಲೇ ಕೇಳಿಸಿಕೊಂಡರು.

"ಬಾಯಲ್ಲಿ ಕೇಳಿದ್ರೆ ನಿನ್ನ ಗಂಡನೂ ಅಡುಗೆ ಬರುತ್ತೆ ಅಂತಾನೆ ಮಾರಾಯ್ತಿ! ಕಾವಲಿಗೆ ಚೂರು ಹಿಟ್ಟು ಹುಯ್ದು ನೋಡ್ತೀವಲ್ಲ, ಹಂಗೆ ನೋಡು. ಎದ್ರೆ ದೋಸೆ, ಇಲ್ದಿದ್ರೆ ಉಪ್ಪಿಟ್ಟು."

ರಂಜಿನಿ ಲೈಬ್ರರಿಯ ಮೊದಲಿಗೇ ಆ ಸೌಲಭ್ಯವನ್ನು ನಿಜವಾಗಿ ಬಳಸಿ ನೋಡುವ ನಾಲ್ಕು ಸಾಲಿನ ಪರೀಕ್ಷೆ ಇಟ್ಟಳು. ಕಂಪೈಲರ್ ಅದರಲ್ಲಿ ಫೇಲಾದರೆ ಲೈಬ್ರರಿ ಆ ಸೌಲಭ್ಯ ಬೇಡದ ಹಳೇ ದಾರಿ ಹಿಡಿಯಬೇಕು. ಸಂಜೆ ಭದ್ರಾವತಿಯಿಂದ ಫೋನ್ ಬಂತು: ಲೈಬ್ರರಿ ಓಡುತ್ತಿದೆ.

"ಗೆದ್ಯಲ್ಲ, ಇನ್ನು ಏಳು. ನಲ್ಲೀಲಿ ನೀರು ಬಂತು" ಎಂದರು ಅತ್ತೆ. ರಂಜಿನಿ ಕೊಡ ಹಿಡಿದಳು.