ಕರಿ ತಂತಿ ಮತ್ತು ದೇವರ ಚಮಚ

ಇಂದು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕುತ್ತಿದ್ದೆ. ಒದ್ದೆ ತಾಮ್ರದ ವಾಸನೆ ಕೈಗೆ ಅಂಟಿತು ನೋಡಿ, ಎಪ್ಪತ್ತರ ದಶಕದ ಅಕ್ಕಲಕೋಟೆಗೇ ಹೋಗಿಬಿಟ್ಟೆ. ವಯಸ್ಸಾದವರ ತಲೆ ಹೀಗೆಯೇ, ಅಡುಗೆಮನೆಯಿಂದ ಹೊರಟು ಎಲ್ಲಿ ಹೋಗಿ ನಿಲ್ಲುತ್ತದೋ ಹೇಳಲಾಗದು.

ಆಗಷ್ಟೇ ಮ್ಯಾಟ್ರಿಕ್ ಪಾಸಾಗಿದ್ದೆ. ಸೊಲ್ಲಾಪುರದ ಕಾಲೇಜಿನಲ್ಲಿ ವಿಜ್ಞಾನ ಓದಲೇಬೇಕೆಂದು ಹಟ ಹಿಡಿದು ಕುಳಿತಿದ್ದೆ. ಕಾಳಿನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಾಕಾ ಒಪ್ಪಲಿಲ್ಲ. ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಅವಳು ದೇವರ ತೀರ್ಥದ ತಾಮ್ರದ ಚಮಚ ತಂದು ನನ್ನ ಮುಂದಿಟ್ಟಳು. ಮುರಿದ ಹಿಡಿಕೆಗೆ ಯಾರೋ ತವರದ ಬೆಸುಗೆ ಹಾಕಿ, ಅಲ್ಲೊಂದು ಬಿಳಿ ಕಲೆ ಉಳಿದಿತ್ತು.

"ನಿನ್ನ ಸಾಯನ್ಸಿನ್ಯಾಗ ಇದರ ಮ್ಯಾಲ ತಾಮ್ರ ಕೂಡಸಾಕ ಬರತೈತೇನು? ಬಂದ್ರ ಸೊಲ್ಲಾಪುರಕ್ಕ ಹೋಗು. ಇಲ್ಲಾಂದ್ರ ಸುಮ್ಮ ಮನ್ಯಾಗಿರು."

ಬರುತ್ತದೆ ಎಂದೆ. ಸಾಲೆಯಲ್ಲಿ ಮಾಸ್ತರರು ತೋರಿಸಿದ್ದರು. ಮೈಲುತುತ್ತ ಕರಗಿಸಿದ ನೀಲಿ ನೀರು, ಟಾರ್ಚಿನ ಸೆಲ್ಲುಗಳು, ಎರಡು ತಂತಿ. ಸೆಲ್ಲಿನ ಮೇಲ್ತುದಿ ಧನ ಧ್ರುವ, ಅದಕ್ಕೆ ತಾಮ್ರದ ಪಟ್ಟಿ. ಕೆಳತುದಿ ಋಣ ಧ್ರುವ, ಅದಕ್ಕೆ ಲೇಪ ಬೇಕಾದ ವಸ್ತು. ಪಟ್ಟಿಯ ತಾಮ್ರ ಕರಗುತ್ತದೆ, ನೀರಿನ ತಾಮ್ರ ವಸ್ತುವಿನ ಮೇಲೆ ಕೂಡುತ್ತದೆ. ವಿದ್ಯುದ್ವಿಭಜನೆ ಎಂಬ ದೊಡ್ಡ ಹೆಸರಿನೊಳಗೆ ನನಗೆ ತಿಳಿದಿದ್ದದ್ದು ಇಷ್ಟೇ.

ಕೆಂಪು ತಂತಿಯನ್ನು ಮೇಲ್ತುದಿಗೆ, ಕರಿ ತಂತಿಯನ್ನು ಕೆಳತುದಿಗೆ ಕಟ್ಟಿದೆ. ಕರಿ ತಂತಿಯನ್ನು ಚಮಚಕ್ಕೆ ಸುತ್ತುವಷ್ಟರಲ್ಲಿ ಅಜ್ಜಿ ಕೈ ಅಡ್ಡ ಹಿಡಿದಳು.

"ಕರೀದು ದೇವರ ಸಾಮಾನಕ್ಕ ಹಚ್ಚಬ್ಯಾಡ. ಕೆಂಪಂದು ಹಚ್ಚು."

ವಾದಿಸಿದೆ. ನಡೆಯಲಿಲ್ಲ. ಕೆಂಪನ್ನೇ ಚಮಚಕ್ಕೆ, ಕರಿಯದನ್ನು ಪಟ್ಟಿಗೆ ಸುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಚಮಚ ಸವೆದು ಒರಟಾಗಿತ್ತು, ಬಿಳಿ ಕಲೆ ಕಪ್ಪಾಗಿತ್ತು. ಎದುರಿನ ಪಟ್ಟಿ ಮಾತ್ರ ಚಮಚದ ತಾಮ್ರ ತಿಂದು ಕೆಂಪಗೆ ದಪ್ಪಗಾಗಿತ್ತು.

"ಝಾಲಂ, ಮುಗೀತು," ಎಂದರು ಕಾಕಾ. "ದೇವರ ಚಮಚಾನ ತಿಂದ್ಳು. ಇಕಿಗಿ ಸೊಲ್ಲಾಪುರ ಬೇಕಂತ."

ನನಗೆ ಮೈಯೆಲ್ಲ ಉರಿಯಿತು. ಆ ದಿನ ಊಟವನ್ನೂ ಬಿಟ್ಟೆ. ಹಸಿವಾದದ್ದು ನನಗೇ, ಬೇರೆ ಯಾರಿಗೂ ಅಲ್ಲ. ನೀಲಿ ನೀರಿನ ಜಾರಿನ ಮುಂದೆ ಕುಳಿತೇ ಇದ್ದಾಗ ಹೊಳೆಯಿತು. ಕರೆಂಟಿಗೆ ಬಣ್ಣ ಕಾಣುವುದಿಲ್ಲ, ತುದಿ ಮಾತ್ರ ಗೊತ್ತು. ಕಪ್ಪಾದ ಜಾಗವನ್ನು ಬೂದಿಯಿಂದ ತಿಕ್ಕಿ ತೊಳೆದೆ. ಕೆಂಪು ತಂತಿ ಚಮಚದಲ್ಲೇ ಇರಲಿ ಎಂದು ಬಿಟ್ಟು, ಅದರ ಇನ್ನೊಂದು ಕೊನೆಯನ್ನು ಸೆಲ್ಲಿನ ಕೆಳತುದಿಗೆ ಕಟ್ಟಿದೆ, ಕರಿಯದನ್ನು ಮೇಲಕ್ಕೆ.

ಸಂಜೆಗೆ ಬಿಳಿ ಕಲೆಯ ಮೇಲೆ ತೆಳ್ಳಗೆ ತಾಮ್ರ ಕೂತಿತ್ತು. ಅಜ್ಜಿ ಚಮಚವನ್ನು ಹೊರಳಿಸಿ ನೋಡಿದಳು. ಆಮೇಲೆ ಬಗ್ಗಿ ಸೆಲ್ಲುಗಳನ್ನೂ ನೋಡಿದಳು. ಅವಳ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

"ತೆಳಗಿಂದು ಮ್ಯಾಲ ಮಾಡೀಯಲ್ಲ?"

"ಹೂಂ."

ಅವಳು ಕಾಕಾನ ಕಡೆ ತಿರುಗಿ, "ನಾಳೆ ಕಾಲೇಜಿಗಿ ಕರಕೊಂಡು ಹೋಗು," ಅಂದಳು. ಚಮಚವನ್ನು ಸೆರಗಿನಿಂದ ಒರೆಸುತ್ತ ನನಗೆ ಮೆಲ್ಲಗೆ ಹೇಳಿದಳು: "ಇನ್ನೊಮ್ಮಿ ಕರೀದನ್ನ ಹಚ್ಚು. ನಾ ಏನೂ ಅನ್ನಾಂಗಿಲ್ಲ."

ಸೊಲ್ಲಾಪುರಕ್ಕೆ ಹೋದೆ, ಓದಿದೆ, ನಿವೃತ್ತಿಯಾಗುವವರೆಗೂ ರಸಾಯನಶಾಸ್ತ್ರ ಕಲಿಸಿದೆ. ಇಷ್ಟು ವರ್ಷ ಇದನ್ನು ನಾನು ಗೆದ್ದ ಕಥೆಯೆಂದೇ ಎಲ್ಲರಿಗೂ ಹೇಳಿಕೊಂಡು ಬಂದೆ. ಈಗ ನನಗೂ ಅಜ್ಜಿಯ ವಯಸ್ಸು. ಈ ವಯಸ್ಸಿನಲ್ಲಿ, ಮೊಮ್ಮಗಳೆದುರು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಂಥ ಗಟ್ಟಿತನ ಎಂದು ಇವತ್ತು ತಿಳಿಯಿತು. ನನಗಂತೂ ಅದು ಇನ್ನೂ ಸಾಧ್ಯವಾಗಿಲ್ಲ.